ಬಿಳಿ ಅಂಚಿನ ಬೆಲೆ

ಗುತ್ತಿಗೆದಾರ ಪಂಪಣ್ಣನವರು ಸೋಡಾ ಬಾಟಲಿ, ಬಾಳೆಹಣ್ಣುಗಳ ಪಾಪ್ ಆರ್ಟ್ ಶೈಲಿಯ ಮುದ್ರಿತ ಚಿತ್ರವೊಂದನ್ನು ದುಬಾರಿ ಬೆಲೆ ಕೊಟ್ಟು ತಂದರು. ಫೋಟೋಗಳಿಗೆ ಕಟ್ಟು ಹಾಕುವ ಹುಸೇನಪ್ಪನ ಮುಂದಿಟ್ಟು, "ಈ ಬಿಳಿ ಅಂಚು ಕತ್ತರಿಸಿ ಒಗಿ" ಎಂದರು.

"ಅಂಚಿನಾಗ ಪೆನ್ಸಿಲ್‌ಲೆ ಏನೋ ಬರ್ದಾರ್ರೀ ಸಾವ್ಕಾರ್ರ."

"ನನಗ ಬುದ್ಧಿ ಹೇಳ್ತಿಯೇನಲೇ?"

ವಾರದ ಮೇಲೆ ಮನೆಗೆ ಬಂದ ಚಿತ್ರಸಂಗ್ರಾಹಕರೊಬ್ಬರು ಕೇಳಿದರು: "ಅಂಚಿನಲ್ಲಿ ಕಲಾವಿದರ ಸಹಿ, ಪ್ರತಿಯ ಸಂಖ್ಯೆ ಇರಬೇಕಲ್ಲ? ಅವಿಲ್ಲದಿದ್ದರೆ ಇದು ಬರೀ ಕ್ಯಾಲೆಂಡರು."

ಪಂಪಣ್ಣನವರು ತಕ್ಷಣ ಹುಸೇನಪ್ಪನನ್ನು ಕರೆಸಿ ಅತಿಥಿಯ ಎದುರೇ ಹಾರಾಡಿದರು: "ಅಂಚು ಕತ್ತರಿಸು ಅಂತ ಯಾರಲೇ ಹೇಳಿದ್ರು ನಿನಗ?"

ಹುಸೇನಪ್ಪ ಅಂದ: "ಯಾರೂ ಹೇಳಲಿಲ್ರೀ ಸಾವ್ಕಾರ್ರ. ಅದಕ್ಕ ಕತ್ತರಿಸಲಿಲ್ಲ."

ಫ್ರೇಮು ಬಿಚ್ಚಿ, ಅಂಚು ಮುಚ್ಚಿದ್ದ ಕರಿ ರಟ್ಟು ಎತ್ತಿದ. ಸಹಿ, ಸಂಖ್ಯೆ ಎರಡೂ ಜೋಪಾನವಾಗಿದ್ದವು.

ಅಂದಿನಿಂದ ಪಂಪಣ್ಣನವರು ಆ ಚಿತ್ರಕ್ಕೆ ಬೆನ್ನು ಮಾಡಿಯೇ ಕೂರುತ್ತಾರೆ.