ಬೀಗರಿಗಿಂತ ಒಂದು ಕೈ ಮೇಲು

ಹರಿಹರದ ಅಕ್ಕಿ ಗಿರಣಿ ಮಾಲೀಕ ಕೊಟ್ರೇಶಪ್ಪನವರು ಕಂಪ್ಯೂಟರ್ ಅಂಗಡಿಗೆ ಬಂದವರೇ ಕುರ್ಚಿ ಎಳೆದು ಕೂತರು.

"ಹೋದ ವಾರ ನಮ್ಮ ಬೀಗರು ಮನೆಗೆ ಕಂಪ್ಯೂಟರ್ ತಂದಿದಾರೆ. ಅವರ ಪ್ರೊಸೆಸರ್‌ಗಿಂತ ನಂದು ಒಂದು ಕೈ ಮೇಲಿರಬೇಕು. ಅಂಗಡೀಲಿರೋ ದೊಡ್ಡದನ್ನೇ ಹಾಕು. ಮೊಮ್ಮಗಳ ಕಾರ್ ರೇಸ್ ಆಟ ಒಂದು ಸಲ ತಡವರಿಸಿದ್ರೂ ಡಬ್ಬಿ ತಂದು ನಿಮ್ಮ ಬಾಗಿಲಿಗೇ ಇಳಿಸ್ತೀನಿ."

ಕಂಪ್ಯೂಟರ್ ಜೋಡಿಸುವ ವನಜಾಕ್ಷಿಗೆ ಫಜೀತಿ ಆಗಲೇ ಕಂಡಿತು. ಅವರು ತಂದ ದುಡ್ಡನ್ನೆಲ್ಲ ದೊಡ್ಡ ಪ್ರೊಸೆಸರ್ ನುಂಗಿದರೆ, ಆಟದ ಚಿತ್ರ ಓಡಿಸುವ ಗ್ರಾಫಿಕ್ಸ್ ಕಾರ್ಡಿಗೆ ಏನೂ ಉಳಿಯದು. ಆಗ ರೇಸಿನ ಕಾರು ಎತ್ತಿನ ಗಾಡಿಯಾಗುತ್ತದೆ. ಹಾಗಂತ ಹೇಳಿದರೆ ಇವರು ಕೇಳುವ ಪೈಕಿ ಅಲ್ಲ.

"ಆಗ್ಲಿ ಯಜಮಾನ್ರೇ," ಎಂದು ಪ್ರೊಸೆಸರನ್ನು ಅವರ ಅಂಗೈಯಲ್ಲಿಟ್ಟಳು. ಅದು ಬಿಸ್ಕತ್ತಿನಷ್ಟಿತ್ತು.

"ಇಷ್ಟೇನಾ?"

"ಇಷ್ಟೇ. ಇದರ ಮೇಲೆ ಬಿಸಿ ಎಳೆಯೋ ಪೇಸ್ಟ್ ಬಳಿದು, ಫ್ಯಾನ್ ಕೂರಿಸಿ ಮುಚ್ಚಿಬಿಡ್ತೀವಿ. ಆಮೇಲೆ ಬೀಗರು ಬಗ್ಗಿ ನೋಡಿದ್ರೂ ಕಾಣಲ್ಲ."

ಕೊಟ್ರೇಶಪ್ಪನವರ ಮುಖ ಸಪ್ಪಗಾಯಿತು. "ಮತ್ತೆ ಅವರಿಗೆ ಕಾಣೋದೇನು?"

ವನಜಾಕ್ಷಿ ಮೂರು ಫ್ಯಾನಿನ, ಇಟ್ಟಿಗೆಯಂಥ ಗ್ರಾಫಿಕ್ಸ್ ಕಾರ್ಡ್ ಎತ್ತಿ ತೋರಿಸಿದಳು. "ಗಾಜಿನ ಡಬ್ಬೀಲಿ ಇದು ಬಾಗಿಲಿಂದಲೇ ಕಾಣುತ್ತೆ. ಆದ್ರೆ ಇದನ್ನ ತಗೊಂಡ್ರೆ ಪ್ರೊಸೆಸರ್ ಮಧ್ಯಮದ್ದು ಹಾಕಬೇಕು. ಆಟಕ್ಕೆ, ಸಿನಿಮಾಕ್ಕೆ ಅದು ಧಾರಾಳ ಸಾಕು."

"ಹಾಕಮ್ಮಾ. ಹೆಂಗೂ ಮುಚ್ಚೋದು ತಾನೇ."

ಬಾಗಿಲವರೆಗೆ ಹೋದವರು ತಿರುಗಿ ನಿಂತರು. "ಮಧ್ಯಮದ್ದು ಅನ್ನೋದು ಮಾತ್ರ ಬೀಗರ ಕಿವಿಗೆ ಬೀಳಬಾರದು."

"ಇಲ್ಲ ಯಜಮಾನ್ರೇ. ಹೋದ ವಾರ ಬೀಗರೂ ಅಲ್ಲೇ ನಿಂತು ಇದೇ ಮಾತು ಹೇಳಿ ಹೋದ್ರು."