ಕೊಟ್ಟಿಗೆಯ ಬೆಳಕು

ಹಾಲೆಂಡಿನ ಒಂದು ಕಾಲುವೆಯ ದಂಡೆಯಲ್ಲಿ ಯೋರಿಸ್ ಎಂಬ ಮುದುಕನ ಅಚ್ಚಿನ ಮನೆ ಇತ್ತು. ತಾಮ್ರದ ತಗಡಿಗೆ ಕಪ್ಪು ಮೇಣ ಬಳಿದು, ಸೂಜಿಯಿಂದ ಬೈಬಲ್ಲಿನ ಚಿತ್ರ ಗೀರುವುದು ಅವನ ಕಸುಬು. ತಗಡನ್ನು ಆಮ್ಲದಲ್ಲಿ ಅದ್ದಿದರೆ, ಗೀರಿದ ಕಡೆ ಮಾತ್ರ ಅದು ತಾಮ್ರವನ್ನು ತಿನ್ನುತ್ತದೆ. ಆ ಗೆರೆಗಳಿಗೆ ಮಸಿ ತುಂಬಿ, ಗಾಳಿಗಿರಣಿಯವನು ಮಾಡಿಕೊಟ್ಟ ಕಾಗದಕ್ಕೆ ಒತ್ತಿದರೆ ಚಿತ್ರ.

ಅವನ ಶಿಷ್ಯ ಲೀವೆನ್. ಆ ಚಳಿಗಾಲ ಲೀವೆನ್‌ನ ಹೆಂಡತಿ ಹೆರಿಗೆಯಲ್ಲಿ ಸತ್ತೇ ಹೋಗುತ್ತಾಳೆ ಅನ್ನುವ ಹಾಗಾಗಿ, ಬದುಕಿ ಬಂದಳು. ಮಗುವೂ ಉಳಿಯಿತು. ಪಾಪ, ಯಾರಿಗೆ ಕೈಮುಗಿಯಬೇಕೋ ತಿಳಿಯದಷ್ಟು ಸಂತೋಷ ಅವನಿಗೆ.

"ಗುರುಗಳೇ, ಕೊಟ್ಟಿಗೆಯಲ್ಲಿ ಹುಟ್ಟಿದ ಯೇಸುವಿನ ಚಿತ್ರ ಮಾಡ್ತೀನಿ. ನಾಳಿದ್ದು ಮಗುವಿಗೆ ದೀಕ್ಷಾಸ್ನಾನ. ಅಷ್ಟರಲ್ಲಿ ತೊಟ್ಟಿಲ ಮೇಲೆ ತೂಗುಹಾಕಬೇಕು. ದೇವರಿಗೆ ನನ್ನ ಕಾಣಿಕೆ ಅದು."

"ಮಾಡಪ್ಪ. ಇರೋದು ಒಂದೇ ತಗಡು, ನೋಡ್ಕೊಂಡು ಮಾಡು."

ಲೀವೆನ್ ಯೇಸುಮಗುವಿನ ಸುತ್ತ ಕಿರಣ ಗೀರಿದ, ಮುಖದ ಮೇಲೂ ಕಿರಣ. ಕಪ್ಪು ಮೇಣದ ಮೇಲೆ ಗೀರಿದ್ದೆಲ್ಲ ಫಳಫಳ ಹೊಳೆಯಿತು. ಗೀರಿದ್ದು ಅಚ್ಚಿನಲ್ಲಿ ಕಪ್ಪಾಗುತ್ತದೆ ಅನ್ನುವುದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಖುಷಿಯಲ್ಲಿ ಮರೆತೇಬಿಟ್ಟಿದ್ದ.

ಮಸಿ ತುಂಬಿ, ಒತ್ತಿ, ಕಾಗದ ಎತ್ತಿ ನೋಡಿದರೆ, ಮಗು ಜಾಲಿಮುಳ್ಳಿನ ಪೊದೆಯಲ್ಲಿ ಬಿದ್ದ ಹಾಗಿತ್ತು.

"ಅಯ್ಯೋ, ಹಾಳು ಮಾಡಿಬಿಟ್ಟೆ!" ಲೀವೆನ್ ತಲೆ ಮೇಲೆ ಕೈಹೊತ್ತು ಕೂತ.

ಗುರು ಬಯ್ಯಲಿಲ್ಲ. ಉಕ್ಕಿನ ಉಜ್ಜುಗೋಲು ತಂದು ಅವನ ಕೈಗೆ ಕೊಟ್ಟ.

"ಉಜ್ಜು."

ಉಜ್ಜಿ ಉಜ್ಜಿ ಕಿರಣವೆಲ್ಲ ಹೋಯಿತು. ತಾಮ್ರ ನುಣ್ಣಗಾಯಿತು. ಗುರು ಮತ್ತೆ ಮೇಣ ಬಳಿದ.

"ಈಗ ಏನು ಗೀರಲಿ?"

"ಅವತ್ತು ನಿನ್ನ ಹೆಂಡತಿಯ ಕೋಣೆಯಲ್ಲಿ ಏನಿತ್ತು?"

"ಅದ್ಯಾಕೆ ಈಗ? ಕತ್ತಲೆ. ಸೂಲಗಿತ್ತಿ ಮಂಡಿಯೂರಿ ಕೂತಿದ್ದಳು. ಪಕ್ಕದ ಮನೆಯವಳು ನೀರು ಕಾಯಿಸ್ತಿದ್ದಳು. ನಮ್ಮಪ್ಪ ಬಾಗಿಲಲ್ಲಿ ಅಳ್ತಾ ನಿಂತಿದ್ದ. ನಾನು ಗೋಡೆಗೆ ಒರಗಿದ್ದೆ."

"ಅವರನ್ನೆಲ್ಲ ಕೊಟ್ಟಿಗೆಗೆ ಕರಕೊಂಡು ಬಾ. ಒಬ್ಬರನ್ನೂ ಬಿಡಬೇಡ. ಆ ಕತ್ತಲೆಯನ್ನೂ ಬಿಡಬೇಡ."

"ಕಾಣಿಕೆ ಕೊಡೋವಾಗ ಯಾರಾದರೂ ಕತ್ತಲೆ ಕೊಡ್ತಾರಾ, ಗುರುಗಳೇ?"

"ಗೀರು ಅಂದೆ."

ಲೀವೆನ್ ಗೀರಿದ. ಗೆರೆಯ ಮೇಲೆ ಗೆರೆ ಎಳೆದು ಗೋಡೆ, ಮಾಡು, ಮೂಲೆ ಎಲ್ಲ ತುಂಬಿದ. ಮತ್ತೆ ಹಾಳಾದೀತೆಂದು ಮಗುವಿನ ಮೈಗೆ ಮಾತ್ರ ಸೂಜಿ ತಾಗಿಸಲಿಲ್ಲ. ಸೂಲಗಿತ್ತಿಯ ಕೈ ಗೀರುವಾಗ ಅವನಿಗೆ ಅಳು ಬಂತು. ಅವತ್ತು ಅವಳಿಗೆ ಒಂದು ಒಳ್ಳೆಯ ಮಾತೂ ಹೇಳಿ ಕಳಿಸಿರಲಿಲ್ಲ. ದೀಕ್ಷಾಸ್ನಾನಕ್ಕೆ ಅವಳನ್ನೇ ಮುಂದೆ ಕೂರಿಸಬೇಕು ಅಂದುಕೊಂಡ.

ದೀಕ್ಷಾಸ್ನಾನದ ದಿನ ಬೆಳಿಗ್ಗೆ ಅಚ್ಚು ತೆಗೆದರು. ಕತ್ತಲೆಯಲ್ಲಿ ಎಲ್ಲರೂ ಬಗ್ಗಿ ನೋಡುತ್ತಿದ್ದರು. ನಡುವೆ ಮಗು ಬೆಳ್ಳಗೆ ಬೆಳಗುತ್ತಿತ್ತು. ಆ ಬೆಳಕು ಸೂಲಗಿತ್ತಿಯ ಕೆನ್ನೆಗೂ ಬಿದ್ದಿತ್ತು.

ಲೀವೆನ್ ಕಾಗದವನ್ನು ಕಿಟಕಿಯ ಹತ್ತಿರ ಹಿಡಿದು ನೋಡಿದ.

"ಗುರುಗಳೇ, ಎಷ್ಟು ಬೆಳಕು! ನಾನು ಮನೆಗೆ ಹೋದಮೇಲೆ ನೀವೇ ಏನೋ ಕೈಯಾಡಿಸಿದೀರಿ, ನಿಜ ಹೇಳಿ."

ಗುರು ಕೈಯ ಮಸಿ ಒರೆಸಿಕೊಳ್ಳುತ್ತ ನಕ್ಕ.

"ಅಲ್ಲಿ ನನ್ನ ಕೈಯೂ ಇಲ್ಲ, ನಿನ್ನ ಕೈಯೂ ಇಲ್ಲ ಕಣೋ, ಮಸಿ ತಾಗದ ಬರೀ ಕಾಗದ. ಹೋಗು, ಕಾಗದ ಕೊಟ್ಟವನಿಗೆ ಒಂದು ನಮಸ್ಕಾರ ಹೇಳು."