ಬೀರುವಿನಲ್ಲಿಟ್ಟ ಒಳ್ಳೆಯ ಬಿಟ್

"ಬುದ್ಧೀ, ಒಳ್ಳೇ ಮಾತಿಗೂ ಬಗ್ಗದೆ ಇರೋರನ್ನ ಏನು ಮಾಡ್ಬೇಕು?"

ಗುರುಗಳನ್ನು ಹೀಗೆ ಕೇಳಿದವನು ತಿಪ್ಪೇಶ. ಆಶ್ರಮದ ಅಡುಗೆಮನೆಯ ಉಸ್ತುವಾರಿ ಆರು ವರ್ಷದಿಂದ ಅವನದು. ಆ ಬೆಳಿಗ್ಗೆ ಅಡುಗೆಯ ಓಬಮ್ಮ ಬಟ್ಟೆಯ ಗಂಟು ಕಟ್ಟಿಕೊಂಡು ಗೇಟಿನ ಕಟ್ಟೆಯ ಮೇಲೆ ಕೂತಿದ್ದಳು. ಹನ್ನೊಂದರ ಬಸ್ಸಿಗೆ ಊರಿಗೆ ಹೋಗುತ್ತೇನೆ, ಇನ್ನು ಇತ್ತ ತಲೆ ಹಾಕುವುದಿಲ್ಲ ಎಂದಿದ್ದಳು. ತಿಪ್ಪೇಶ ಹೋಗಿ ಕೈಮುಗಿದಿದ್ದ. ಅಮ್ಮಾ ಎಂದಿದ್ದ, ತಾಯೀ ಎಂದಿದ್ದ, ನೀನಿಲ್ಲದೆ ಆಶ್ರಮ ನಡೆದೀತೇ ಎಂದಿದ್ದ. ಅವಳು ರಸ್ತೆಯ ಕಡೆ ಮುಖ ತಿರುಗಿಸಿಕೊಂಡು ಕೂತೇ ಇದ್ದಳು. ತಿಪ್ಪೇಶನಿಗೆ ಮೈಯೆಲ್ಲ ಉರಿದುಹೋಗಿತ್ತು.

"ಬಾಯಿಗೆ ಬಂದ ಒಳ್ಳೇ ಮಾತೆಲ್ಲ ಆಡಿದೆ ಬುದ್ಧಿ. ಕಲ್ಲಾಗಿದ್ರೂ ಕರಗ್ತಿತ್ತು. ಈ ಯಮ್ಮ ಜಪ್ಪಯ್ಯ ಅಂದ್ರೂ ಕದಲ್ತಿಲ್ಲ."

ಗುರುಗಳ ಕೋಣೆಗೂ ಅಡುಗೆಮನೆಗೂ ನಡುವೆ ಒಂದೇ ಗೋಡೆ. ಅಲ್ಲಿ ಯಾರು ಯಾರಿಗೆ ಏನೆನ್ನುತ್ತಾರೆ ಎಂಬುದು ಬೆಳಗಾದರೆ ಅವರ ಕಿವಿಗೆ ಬೀಳುತ್ತಲೇ ಇತ್ತು. ಉಪ್ಪು ಹೆಚ್ಚಾದರೆ ಓಬಮ್ಮನಿಗೆ ತಿಪ್ಪೇಶನ ಒಂದು ಬೈಗುಳ, ಒಲೆ ಹೊತ್ತಿಸುವುದು ತಡವಾದರೆ ಇನ್ನೊಂದು, ಏನೂ ಆಗದಿದ್ದರೆ ಅದಕ್ಕೂ ಒಂದು. ದಾನಿಗಳು ಬಂದಾಗ ಮಾತ್ರ ತಿಪ್ಪೇಶನ ದನಿ ಬೆಣ್ಣೆಯಾಗುತ್ತಿತ್ತು. ಗುರುಗಳು ಹೇಳಿ ಹೇಳಿ ಬೇಸತ್ತಿದ್ದರು. ಈಗ ಹಣೆ ಉಜ್ಜಿಕೊಂಡು, "ಕೂತ್ಕೋ, ಒಂದು ಕತೆ ಹೇಳ್ತೀನಿ" ಎಂದರು.

ತಿಪ್ಪೇಶ ಗೋಡೆಯ ಗಡಿಯಾರ ನೋಡಿದ. ಹತ್ತೂವರೆ. ಮಧ್ಯಾಹ್ನಕ್ಕೆ ನೂರು ಜನರ ಅಡುಗೆಯಾಗಬೇಕು, ಇವರಿಗೆ ಕತೆಯ ಹೊತ್ತು! ಹಲ್ಲು ಕಚ್ಚಿಕೊಂಡು ಕೂತ. ಗುರುಗಳು ಹೇಳಿದ ಕತೆ ಇದು.

ಒಂದು ಊರಿನಲ್ಲಿ ಒಬ್ಬ ಗೃಹಸ್ಥನಿದ್ದ. ಮನೆಯ ಸಣ್ಣಪುಟ್ಟ ಕೆಲಸಕ್ಕೆ ಬಡಗಿಯನ್ನೋ ಪ್ಲಂಬರನ್ನೋ ಕರೆಯುವುದೆಂದರೆ ಅವನಿಗೆ ಆಗದು. ಕಪಾಟಿನ ಬಾಗಿಲು ಸಡಿಲವಾಗಲಿ, ಬಟ್ಟೆ ನೇತುಹಾಕುವ ಗೂಟ ಕಿತ್ತು ಬರಲಿ, ತಾನೇ ಸ್ಟೂಲ್ ಹತ್ತಬೇಕು. ಅದೇನೋ ಒಳ್ಳೆಯ ಗುಣವೇ. ಆದರೆ ಅವನಲ್ಲಿ ಇನ್ನೊಂದು ಗುಣವಿತ್ತು. ಒಳ್ಳೆಯ ವಸ್ತು ಮನೆಗೆ ಬಂದರೆ ಅದನ್ನು ಬಳಸುತ್ತಿರಲಿಲ್ಲ. ಸೋಫಾ ತಂದು ನಾಲ್ಕು ವರ್ಷವಾದರೂ ಅದರ ಪ್ಲಾಸ್ಟಿಕ್ ಹೊದಿಕೆ ತೆಗೆದಿರಲಿಲ್ಲ. ಬೇಸಿಗೆಯಲ್ಲಿ ಕೂತವರು ಬೆವತು ಅದಕ್ಕೇ ಅಂಟಿಕೊಳ್ಳುತ್ತಿದ್ದರು. ಪಿಂಗಾಣಿ ಕಪ್ಪುಗಳನ್ನು ನೆಂಟರಿಗೆಂದು ಷೋಕೇಸಿನಲ್ಲಿಟ್ಟಿದ್ದ. ನೆಂಟರು ಬಂದರೆ, ಒಡೆದುಬಿಟ್ಟಾರು ಎಂದು ಸ್ಟೀಲ್ ಲೋಟದಲ್ಲೇ ಕಾಫಿ ಕೊಡಿಸುತ್ತಿದ್ದ.

ಅವನ ತಾಯಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಆಪರೇಷನ್ ಆಯಿತು. ಗುರುವಾರ ಮನೆಗೆ ಕರೆದುಕೊಂಡು ಹೋಗಿ ಎಂದರು ಡಾಕ್ಟರು. ಬಚ್ಚಲಿನಲ್ಲಿ ಹಿಡಿದುಕೊಂಡು ಏಳುವುದಕ್ಕೆ ಗೋಡೆಗೆ ಒಂದು ಸ್ಟೀಲ್ ಕಂಬಿ ಹಾಕಿಸಿ, ಅದಿಲ್ಲದೆ ಒಬ್ಬರನ್ನೇ ಬಿಡಬೇಡಿ ಎಂದೂ ಹೇಳಿದರು. ತಾಯಿ ಮಗನನ್ನು ಹತ್ತಿರ ಕರೆದಳು.

"ಇಲ್ಲಿ ಕಂಡೋರೆಲ್ಲ ನನ್ನ ಹಿಡ್ಕೊಂಡು ಕೂರ್ಸಿದ್ದು ಸಾಕು ಕಣಪ್ಪ. ಮನೇಲಾದ್ರೂ ಬಚ್ಚಲಿಗೆ ನಾನೇ ಹೋಗಿ ಬರೋ ಹಂಗೆ ಮಾಡು" ಎಂದಳು.

ಮೂಳೆಯ ನೋವಿಗಿಂತ ಆ ನಾಚಿಕೆಯೇ ಅವಳನ್ನು ಹೆಚ್ಚು ಹಿಂಡಿತ್ತು. ಮಗನ ಕಣ್ಣು ತುಂಬಿ ಬಂತು. ಬೇರೆ ಯಾರನ್ನೂ ಕರೆಯುವುದಿಲ್ಲ, ಅಮ್ಮನ ಕಂಬಿಯನ್ನು ನನ್ನ ಕೈಯಾರೆ ಹಾಕುತ್ತೇನೆ ಎಂದುಕೊಂಡ. ಅವನಿಗೆ ತಾಯಿಯ ಮೇಲೆ ಪ್ರೀತಿಯಿರಲಿಲ್ಲ ಎಂದು ಯಾರೂ ಹೇಳುವ ಹಾಗಿಲ್ಲ.

ಕಂಬಿ ತಂದ, ಸ್ಕ್ರೂ ತಂದ. ಡ್ರಿಲ್ ಮಷಿನ್ ಮನೆಯಲ್ಲೇ ಇತ್ತು. ಸ್ಕ್ರೂ ತಿರುಗಿಸಲು ಮಷಿನ್ನಿನ ಮೂತಿಗೆ ಸಿಕ್ಕಿಸುವ ಬಿಟ್ ಇರಲಿಲ್ಲ. ಹಾರ್ಡ್‌ವೇರ್ ಅಂಗಡಿಗೆ ಹೋದ. ವ್ಯಾಪಾರಿ ಸಣ್ಣ ಡಬ್ಬಿಯೊಂದನ್ನು ತೆರೆದು ಒಂದೇ ಒಂದು ಬಿಟ್ ತೋರಿಸಿದ. ಕಪ್ಪಗಿತ್ತು, ನೋಡಲು ಏನೇನೂ ಚೆಂದವಿರಲಿಲ್ಲ. ಗೃಹಸ್ಥನ ಕಣ್ಣು ಪಕ್ಕದಲ್ಲಿ ತೂಗುತ್ತಿದ್ದ ಪೆಟ್ಟಿಗೆಯ ಮೇಲೆ ಬಿತ್ತು. ಅದರಲ್ಲಿ ನಲವತ್ತು ಬಿಟ್‌ಗಳು ಸಾಲಾಗಿ ಫಳಫಳ ಹೊಳೆಯುತ್ತಿದ್ದವು. ನಲವತ್ತೂ ಸೇರಿದರೆ ಆ ಕಪ್ಪು ಬಿಟ್‌ನ ಅರ್ಧ ಬೆಲೆ. ವ್ಯಾಪಾರಿ ಎಚ್ಚರಿಸಿದ. ಅದು ಮೆತ್ತನೆಯ ಲೋಹ, ಒತ್ತಿದರೆ ಜಾರುತ್ತದೆ, ಜಾರಿದರೆ ಸ್ಕ್ರೂವಿನ ತಲೆಯನ್ನೂ ತಿಂದುಹಾಕುತ್ತದೆ ಎಂದ. ಗೃಹಸ್ಥ ಬಹಳ ಹೊತ್ತು ಯೋಚಿಸಿ ಎರಡನ್ನೂ ಕೊಂಡ. ಎರಡನ್ನೂ ಕೊಂಡವನು ಜಾಣ ಎಂದು ನಿನಗೆ ಅನ್ನಿಸಬಹುದು. ಮುಂದೆ ಕೇಳು.

ಮನೆಗೆ ಬಂದವನೇ ಒಳ್ಳೆಯ ಬಿಟ್ಟನ್ನು ಡಬ್ಬಿಯ ಸಮೇತ ಬೀರುವಿನಲ್ಲಿ ಬೆಳ್ಳಿಯ ಕುಂಕುಮದ ಬಟ್ಟಲಿನ ಪಕ್ಕ ಇಟ್ಟು ಬೀಗ ಹಾಕಿದ.

"ಅದ್ಯಾಕೆ ಒಳಗಿಟ್ರಿ? ಅದ್ರಲ್ಲೇ ಮಾಡಿ ಮುಗಿಸ್ಬಾರ್ದಾ?" ಎಂದಳು ಹೆಂಡತಿ.

"ಸುಮ್ನಿರೇ. ಒಳ್ಳೇದನ್ನ ಮೊದ್ಲೇ ಹಾಕಿ ಸವೆಸ್ಬಾರ್ದು. ಇದ್ರಲ್ಲಿ ಶುರು ಮಾಡ್ತೀನಿ. ಬೇಕಾದ್ರೆ ಕೊನೇಲಿ ಬಿಗಿ ಮಾಡೋಕೆ ಅದನ್ನ ತೆಗೆದ್ರಾಯ್ತು."

"ಅತ್ತೆ ಹಿಡ್ಕೊಳ್ಳೋ ಕಂಬಿಗಿಂತ ದೊಡ್ಡ ಕೆಲಸ ಇನ್ಯಾವುದಿದೆ ಅಂತ ಕಾಯ್ತಿದೀರಿ?"

ಗೃಹಸ್ಥ ಡ್ರಿಲ್ ಚಾಲೂ ಮಾಡಿದ. ಅದರ ಸದ್ದಿನಲ್ಲಿ ಯಾವ ಪ್ರಶ್ನೆಗೂ ಉತ್ತರ ಕೊಡಬೇಕಾಗಿರಲಿಲ್ಲ.

ಗೋಡೆಗೆ ಆರು ತೂತು ಕೊರೆದ. ತೂತುಗಳಿಗೆ ಪ್ಲಾಸ್ಟಿಕ್ ಪ್ಲಗ್ ತುರುಕಿದ. ಕಂಬಿಯನ್ನು ಹಿಡಿದು ಮೊದಲ ಸ್ಕ್ರೂ ಇಟ್ಟ. ಸ್ಕ್ರೂವಿನ ತಲೆಯಲ್ಲಿ ಅಡ್ಡ ಉದ್ದ ಕೊರೆದ ಕಚ್ಚು ಇರುತ್ತದೆಯಲ್ಲ, ಬಿಟ್‌ನ ತುದಿ ಅದರಲ್ಲಿ ಕಚ್ಚಿ ಕೂತರೆ ತಾನೇ ಸ್ಕ್ರೂ ತಿರುಗಬೇಕು? ಅರ್ಧದವರೆಗೆ ಸಲೀಸಾಗಿ ಹೋಯಿತು. ಅಲ್ಲಿಂದ ಮುಂದೆ ಬಿಟ್ ಕಿರ್ರನೆ ಜಾರಿತು. ತೆಗೆದು ನೋಡಿದರೆ ಅದರ ತುದಿ ಮೊಂಡಾಗಿತ್ತು. ಅದನ್ನು ಬಿಸಾಡಿ ಇನ್ನೊಂದು ಸಿಕ್ಕಿಸಿದ. ಮೊದಲಿಗಿಂತ ಜೋರಾಗಿ ಒತ್ತಿದ. ಅದೂ ಕಿರ್ರ್ ಎಂದಿತು. ಹೋಗಲಿ, ಇನ್ನೂ ಮೂವತ್ತೆಂಟು ಇವೆಯಲ್ಲ ಎಂದುಕೊಂಡ. ಅಲ್ಲೇ ನೋಡು ಅವನು ಕೆಟ್ಟದ್ದು. ಒಂದೇ ಬಿಟ್ ಇದ್ದಿದ್ದರೆ ನಿಲ್ಲಿಸಿ ಯೋಚನೆ ಮಾಡುತ್ತಿದ್ದ. ರಾಶಿ ಬಿಟ್‌ಗಳಿದ್ದವು, ಯೋಚನೆ ಮಾಡುವ ಪ್ರಮೇಯವೇ ಬರಲಿಲ್ಲ.

ಮೊದಲನೆಯ ಸ್ಕ್ರೂ ಕೈಕೊಟ್ಟಿತೆಂದು ಎರಡನೆಯದಕ್ಕೆ ಹೋದ, ಅದೂ ಕೈಕೊಟ್ಟಿತೆಂದು ಮೂರನೆಯದಕ್ಕೆ. ಸ್ಕ್ರೂಗೆ ಬೈದ. ಗೋಡೆಗೆ ಬೈದ. ಟೈಲ್ಸ್ ಕೂರಿಸಿದ ಗಾರೆಯವನ ವಂಶಕ್ಕೇ ಬೈದ. ಟಾರ್ಚ್ ಹಿಡಿದು ನಿಂತಿದ್ದ ಹೆಂಡತಿಗೆ, ನೀನು ಬೆಳಕು ನೆಟ್ಟಗೆ ಬಿಡುತ್ತಿಲ್ಲ ಎಂದು ಬೈದ. ಅವಳು ಟಾರ್ಚನ್ನು ಕಿಟಕಿಯ ಮೇಲಿಟ್ಟು ಎದ್ದು ಹೋದಳು.

ಬುಧವಾರ ಮಧ್ಯಾಹ್ನದ ಹೊತ್ತಿಗೆ ಆರು ಸ್ಕ್ರೂಗಳೂ ಅರ್ಧ ಒಳಗೆ, ಅರ್ಧ ಹೊರಗೆ. ಕಂಬಿ ಮುಟ್ಟಿದರೆ ಅಲ್ಲಾಡುತ್ತಿತ್ತು. ಆಗ ಹೋಗಿ ಬೀರು ತೆರೆದ. ಒಳ್ಳೆಯ ಬಿಟ್ ತಂದು ಮಷಿನ್ನಿಗೆ ಹಾಕಿ ಒತ್ತಿದ. ಬಿಟ್ ಗರಗರ ತಿರುಗಿತು. ಸ್ಕ್ರೂ ಇದ್ದಲ್ಲೇ ಇತ್ತು. ಆರಕ್ಕೂ ಅದೇ ಕತೆ. ಒಂದೂ ಒಳಗೆ ಹೋಗಲಿಲ್ಲ, ಒಂದೂ ಹೊರಗೆ ಬರಲಿಲ್ಲ.

ಗೃಹಸ್ಥನಿಗೆ ಪಿತ್ತ ನೆತ್ತಿಗೇರಿತು. ಯಾರ ಮೇಲೆ ಅಂತೀಯ? ಆ ಒಳ್ಳೆಯ ಬಿಟ್‌ನ ಮೇಲೆ! ಅಂಗಡಿಗೆ ಹೋದವನೇ ಅದನ್ನು ಗಲ್ಲಾದ ಮುಂದೆ ಕುಕ್ಕಿದ.

"ಇದೇನ್ರೀ ನಿಮ್ಮ ಒಳ್ಳೇ ಮಾಲು? ಒಂದು ಸ್ಕ್ರೂ ತಿರುಗಿಸೋ ಯೋಗ್ಯತೆ ಇಲ್ಲ ಇದಕ್ಕೆ!"

ವ್ಯಾಪಾರಿ ಬಿಟ್ಟನ್ನು ಬೆಳಕಿಗೆ ಹಿಡಿದು ನೋಡಿದ. ಹೊಸ ಸ್ಕ್ರೂ ಒಂದನ್ನು ಹಲಗೆಯ ಮೇಲಿಟ್ಟು ಅದೇ ಬಿಟ್‌ನಲ್ಲಿ ತಿರುಗಿಸಿದ. ಸ್ಕ್ರೂ ತಲೆಯವರೆಗೂ ಇಳಿದು ಕೂತಿತು. ದಿನಕ್ಕೆ ಇಂಥ ಹತ್ತು ಮಂದಿಯನ್ನು ನೋಡಿ ಅವನಿಗೂ ಸಾಕಾಗಿತ್ತು.

"ಬಿಟ್‌ಗೇನೂ ಆಗಿಲ್ಲ ಸ್ವಾಮಿ. ಇದಕ್ಕೆ ಮುಂಚೆ ಏನು ಹಾಕಿದ್ರಿ, ಅದನ್ನ ಹೇಳಿ" ಎಂದ.

ಗೃಹಸ್ಥ ತೆಪ್ಪಗೆ ಮನೆಗೆ ಬಂದು ಸ್ಕ್ರೂವಿನ ತಲೆಯ ಮೇಲೆ ಬೆರಳಾಡಿಸಿದ. ಕಚ್ಚು ಇರಬೇಕಾದ ಕಡೆ ನುಣ್ಣನೆಯ ಗುಳಿ ಇತ್ತು. ಕೊನೆಗೆ ಹೆಂಡತಿಯೇ ಬಡಗಿಯನ್ನು ಕರೆಸಿದಳು. ಅವನು ನೋಡಿ ತಲೆ ಚಚ್ಚಿಕೊಂಡ. ಸ್ಕ್ರೂಗಳನ್ನು ಕೊಯ್ದು ತೆಗೆಯಬೇಕು, ಟೈಲ್ಸ್ ಒಡೆಯುತ್ತವೆ, ಗೋಡೆಗೆ ಸಿಮೆಂಟು ಮೆತ್ತಿ ಒಣಗಿದ ಮೇಲೆಯೇ ಮುಂದಿನ ಮಾತು, ಏನಿಲ್ಲವೆಂದರೂ ಒಂದು ವಾರ ಎಂದ.

ಗುರುವಾರ ತಾಯಿ ಬಂದಳು. ವಾಕರ್ ಹಿಡಿದು ಒಂದೊಂದೇ ಹೆಜ್ಜೆಯಿಟ್ಟು ಮೊದಲು ಹೋದದ್ದೇ ಬಚ್ಚಲ ಬಾಗಿಲಿಗೆ. ಕಂಬಿ ಕಂಡು ಮುದುಕಿಯ ಮುಖ ಅರಳಿತು.

"ಹಾಕಿದ್ಯಲ್ಲಪ್ಪ" ಎಂದು ಕೈ ಚಾಚಿದಳು.

ಹಿಡಿಯಬೇಡಮ್ಮ ಎಂದು ಮಗ ಕೂಗಿಕೊಂಡು ಅಡ್ಡ ಬಂದ. ಚಾಚಿದ ಕೈ ಹಾಗೇ ನಿಂತಿತು. ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡು, ಸೊಸೆಯ ಹೆಗಲಿಗೆ ಕೈ ಹಾಕಿ ಒಳಗೆ ಹೋದಳು. ಮಗ ಬಾಗಿಲ ಹೊರಗೆ ನಿಂತುಕೊಂಡ.

ಗುರುಗಳು ಕತೆ ನಿಲ್ಲಿಸಿದರು. ತಿಪ್ಪೇಶನಿಗೆ ಗಡಿಯಾರ ಮರೆತೇ ಹೋಗಿತ್ತು. ಅವನು ಕೂತಲ್ಲೇ ಕುದಿಯುತ್ತಿದ್ದ.

"ಎಂಥ ತಿಕ್ಕಲ ಅವನು, ಬುದ್ಧಿ! ಹೊರಗಿನೋರಿಗಲ್ಲ, ಹೆತ್ತ ತಾಯಿ ಕೆಲಸಕ್ಕೆ ಕಳಪೇದು ಹಾಕೋದಾ? ಒಳ್ಳೇದು ಮನೇಲೇ ಇತ್ತಲ್ಲ, ಎಲ್ಲಾ ಕೆಡಿಸಿದ ಮೇಲೆ ಹೊರಗೆ ತೆಗೆದ. ಅದರ ಮೇಲೆ ಅಂಗಡಿಗೆ ಹೋಗಿ ಜಗಳ ಬೇರೆ! ನಾಚಿಕೆ ಆಗ್ಬೇಕಿತ್ತು ಅವನಿಗೆ."

ಹೊರಗೆ ದೂರದಲ್ಲಿ ಬಸ್ಸಿನ ಹಾರನ್ ಕೇಳಿಸಿತು. ತಿಪ್ಪೇಶ ಧಡಕ್ಕನೆ ಎದ್ದ.

"ಬಸ್ಸು ಬಂತು ಬುದ್ಧಿ. ಇನ್ನೊಂದ್ಸಲ ಓಬಮ್ಮಂಗೆ ಒಳ್ಳೇ ಮಾತಲ್ಲಿ ಹೇಳಿ ನೋಡ್ತೀನಿ."

ಗುರುಗಳು ಕೇಳಿದ್ದು ಒಂದೇ ಮಾತು. ಅದನ್ನು ಕೇಳಿ ತಿಪ್ಪೇಶನ ಕಾಲು ಹೊಸ್ತಿಲಲ್ಲೇ ನಿಂತಿತು.

"ಹೇಳಪ್ಪ, ಆದ್ರೆ ಆ ಒಳ್ಳೇ ಮಾತು ಕಚ್ಚಿ ಹಿಡಿಯೋಕೆ ಆರು ವರ್ಷದಲ್ಲಿ ಅವಳೊಳಗೆ ಏನು ಉಳಿಸಿದ್ದೀಯ?"